ಹುಲ್ಲಿನಲ್ಲಿ ಕಳೆ ಇಲ್ಲ

ಪ್ರೆಸ್ಸಿನ ನೌಕರರ ಕ್ವಾರ್ಟರ್ಸಿನಲ್ಲಿ ನೆಲಮಹಡಿಯ ಮನೆ ಸಿಗಬೇಕಾದರೆ ಹಿಂದಿನ ಜನ್ಮದ ಪುಣ್ಯವೂ ಈ ಜನ್ಮದ ಮಂಡಿನೋವೂ ಜೊತೆಗೂಡಿ ಫಲಿಸಬೇಕು. ಒತ್ತಕ್ಷರದವರ ವಿಷಯದಲ್ಲಿ ಪುಣ್ಯ ಅವರದು, ಮಂಡಿನೋವು ಅವರ ಅತ್ತೆಯದು.

ಒತ್ತಕ್ಷರ ಎಂಬುದು ಅವರ ಹೆಸರಲ್ಲ. ಅವರು ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಮದುವೆಯ ಕಾಗದ ಕೈಗೆ ಬಂದರೆ ಮದುವೆ ಯಾರದೆಂದು ನೋಡುವ ಮೊದಲು ಒತ್ತುಗಳೆಲ್ಲ ಸರಿಯಾಗಿ ಕೂತಿವೆಯೇ ಎಂದು ನೋಡುವರು. ಹಾಗೆ ನೋಡಿ, ತಿದ್ದಿ, ಮಡಿಸಿಟ್ಟು, ಮದುವೆಗೆ ಹೋಗುವುದನ್ನೇ ಮರೆತದ್ದೂ ಉಂಟು. ಅಕ್ಷರ ನೋಡುವುದು ತಮ್ಮ ಕೆಲಸ, ಅರ್ಥ ನೋಡುವುದು ಬರೆದವನ ಕೆಲಸ ಎಂಬುದು ಅವರ ಸಿದ್ಧಾಂತ. ಅದರಿಂದಲೇ ಆ ಸಾಲಿನಲ್ಲಿ ಎಲ್ಲರೂ ಅವರನ್ನು ಎದುರಿಗೆ ಸಾರ್ ಎಂದೂ ಹಿಂದಿನಿಂದ ಒತ್ತಕ್ಷರ ಎಂದೂ ಕರೆಯುತ್ತಿದ್ದರು.

ನೆಲಮಹಡಿಯ ಪ್ರತಿ ಮನೆಯ ಮುಂದೆಯೂ ಒಂದು ಪಟ್ಟಿ ಹುಲ್ಲುಹಾಸು. ಅದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬುದು ಕ್ವಾರ್ಟರ್ಸಿನ ಕಟ್ಟಳೆ. ವಸತಿ ಸಮಿತಿಯ ಅಧ್ಯಕ್ಷರು ತಿಂಗಳಿಗೊಮ್ಮೆ ಬಂದು ನೋಡುವರು. ಸತತ ಎರಡು ಸಲ ಅವರಿಗೆ ಹಿಡಿಸದಿದ್ದರೆ ಆ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಮೇಲೆ ಹೋಗಬೇಕು, ಮೇಲೆ ಕಾದಿರುವವರು ಕೆಳಗೆ ಬರಬೇಕು. ಹಾಗೆ ಕಾದಿದ್ದವರಲ್ಲಿ ಮೊದಲಿಗರು ಮೂರನೆಯ ಮಹಡಿಯ ಉಗ್ರಾಣದವರು. ಪ್ರೆಸ್ಸಿನ ಕಾಗದ, ಮಸಿ, ಅಂಟುಗಳ ಕಾವಲುಗಾರರು. ಕಟ್ಟಡಕ್ಕೆ ಲಿಫ್ಟಿಲ್ಲ. ಅತ್ತೆಯವರು ಬಾಗಿಲ ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು ಬೆಳಗಿನ ಹೊತ್ತು ಮೆಲುದನಿಯಲ್ಲಿ ಪದ್ಯ ಹೇಳಿಕೊಳ್ಳುವರು. ಆ ಕುರ್ಚಿಯವರೆಗೆ ನಡೆದು ಬರುವುದೇ ಅವರಿಗೊಂದು ತೀರ್ಥಯಾತ್ರೆ. ಮೂರು ಮಹಡಿ ಹತ್ತಬೇಕಾಗಿ ಬಂದರೆ ಅವರು ಹತ್ತುವುದು ಒಂದೇ ಸಲ, ಇಳಿಯುವ ಮಾತಿಲ್ಲ.

ಒಂದು ಮುಂಜಾನೆ ಅಧ್ಯಕ್ಷರು ಬಂದರು. ಅವರು ಮಿತಭಾಷಿ. ಹಳೇ ನಲ್ಲಿಯಿಂದ ನೀರು ಬರುವ ಹಾಗೆ ಅವರ ಬಾಯಿಂದ ಮಾತು ಬರುವುದು. ಮೊದಲು ಗಂಟಲಲ್ಲಿ ಗೊರಗೊರ ಸದ್ದು, ಆಮೇಲೆ ಎರಡೇ ಹನಿ. ಒತ್ತಕ್ಷರದವರ ಹುಲ್ಲಿನ ಮುಂದೆ ಬಹಳ ಹೊತ್ತು ನಿಂತರು. ಗಂಟಲು ಸದ್ದು ಮಾಡಿತು.

“ಕಳೆ ಇಲ್ಲ,” ಎಂದರು. ಹೊರಟು ಹೋದರು.

ನಮ್ಮ ಭಾಷೆಯಲ್ಲಿ ಕಳೆ ಎಂದರೆ ಹುಲ್ಲಿನ ನಡುವೆ ಹುಟ್ಟುವ ಬೇಡದ ಗಿಡವೂ ಹೌದು, ಮುಖದ ಮೇಲೆ ಹೊಳೆಯುವ ಲಕ್ಷಣವೂ ಹೌದು. ಅಧ್ಯಕ್ಷರು ಹೇಳಿದ್ದು ಯಾವುದನ್ನು ಎಂಬುದು ಆ ಹುಲ್ಲನ್ನು ಒಮ್ಮೆ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಬಹಳ ದಿನ ಜ್ವರದಲ್ಲಿ ಮಲಗೆದ್ದವನ ತಲೆಗೂದಲಿನಂತಿತ್ತು ಅದು. ಒತ್ತಕ್ಷರದವರಿಗೆ ಕರಡನ್ನು ಗಟ್ಟಿಯಾಗಿ ಓದುತ್ತ ಅದರ ಮೇಲೆ ಶತಪಥ ಹಾಕುವ ಅಭ್ಯಾಸ. ವರ್ಷಗಟ್ಟಲೆ ತುಳಿಸಿಕೊಂಡ ಆ ಮಣ್ಣು ಕಲ್ಲಿಗೆ ತಮ್ಮನಾಗಿತ್ತು. ಹುಲ್ಲಿಗೇ ಬದುಕಲು ಮನಸ್ಸಿಲ್ಲದ ಆ ಜಾಗಕ್ಕೆ ಕಳೆಗಿಡ ಯಾವ ಸುಖಕ್ಕೆ ಬಂದೀತು?

ಆದರೆ ಒತ್ತಕ್ಷರದವರು ಅಕ್ಷರವನ್ನಷ್ಟೇ ಕೇಳಿಸಿಕೊಂಡರು. ಎದೆ ಅಗಲವಾಯಿತು.

“ಲೇ, ಕೇಳಿದೆಯಾ? ಕಳೆ ಇಲ್ವಂತೆ!” ಎಂದು ಒಳಗೆ ನುಗ್ಗಿದರು.

“ನಮ್ಮ ಹುಲ್ಲಲ್ಲಾ?” ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದರು. “ಅಧ್ಯಕ್ಷರ ಕಣ್ಣು ಸರಿ ಇದೆ ತಾನೇ?”

“ನಿನಗೆ ಗಂಡನ ಬೆಲೆ ಯಾವತ್ತು ಗೊತ್ತಾಗಿದೆ? ಇಡೀ ಸಾಲು ನೋಡಿ ಬಂದವರು ಅವರು. ನಮ್ಮನೆ ಮುಂದೆ ನಿಂತು, ಉಸಿರು ಬಿಗಿಹಿಡಿದು, ಒಂದೇ ಮಾತು. ಕಳೆ ಇಲ್ಲ!”

“ಹೊಗಳಿದ್ರೆ ಸಂತೋಷ,” ಎಂದರು ಅತ್ತೆ ಕುರ್ಚಿಯಿಂದ. “ಆದ್ರೆ ಹೊಗಳೋವಾಗ ಮನುಷ್ಯ ಯಾಕಪ್ಪಾ ಮುಖ ಹಾಗೆ ಕಿವಿಚಿಕೊಂಡಿದ್ದು?”

“ಅದು ಅವರ ನಗು ಅತ್ತೆ.”

ಉಗ್ರಾಣದವರು ಕೈಚೀಲ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಅಧ್ಯಕ್ಷರ ಮಾತೂ ಅವರ ಕಿವಿಗೆ ಬಿತ್ತು, ಒತ್ತಕ್ಷರದವರು ಮಾಡಿಕೊಂಡ ಅರ್ಥವೂ ಬಿತ್ತು. ಎರಡಕ್ಕೂ ನಡುವೆ ಇರುವ ಕಂದಕ ಅವರ ಕಣ್ಣಿಗೆ ಕಟ್ಟಿತು. ಆ ಕಂದಕದಾಚೆ ನೆಲಮಹಡಿಯ ಮನೆಯೂ ಕಂಡಿತು. ಸಜ್ಜನನಾದವನು ಆಗ ಕರೆದು ತಿಳಿಸಬೇಕು. ಉಗ್ರಾಣದವರು ಕರೆದರೇನೋ ನಿಜ.

“ಸಾರ್, ಸಾರ್! ಏನ್ ಸಾರ್ ನೀವು, ಇಷ್ಟು ವಿದ್ಯೆ ಇಟ್ಕೊಂಡು ಸುಮ್ನೆ ಕೂತಿದ್ದೀರಾ? ಈ ಸಾಲಲ್ಲಿ ಕಳೆ ಇಲ್ಲದ ಹುಲ್ಲು ನಿಮ್ಮದೊಂದೇ. ನಾಲ್ಕು ಜನಕ್ಕೆ ಉಪಕಾರ ಮಾಡಿ ಸಾರ್!”

ಹೀಗೆ ಅವರು ಗಟ್ಟಿಯಾಗಿ ಕೂಗಿದ್ದು ಸಾಲಿನ ಮನೆಮನೆಗೂ ಕೇಳಿಸಿತು. ಕೇಳಿಸಬೇಕೆಂದೇ ಕೂಗಿದ್ದು.

ಮೊದಲು ಬಂದವರು ಪಕ್ಕದ ಕಾಂಪೌಂಡರು, ಪ್ರೆಸ್ಸಿನ ಔಷಧಾಲಯದಲ್ಲಿ ಮಾತ್ರೆ ಎಣಿಸಿ ಕೊಡುವವರು. ಅವರ ಹುಲ್ಲಿನಲ್ಲಿ ಹುಲ್ಲಿಗಿಂತ ಕಳೆ ಹೆಚ್ಚು.

“ಸಾರ್, ಗುಟ್ಟೇನು? ನಾನು ಕೈಯಲ್ಲಿ ಕಿತ್ತು ಕಿತ್ತು ಸೊಂಟ ಬಿದ್ದುಹೋಯ್ತು.”

“ಏನೂ ಮಾಡಿಲ್ಲ” ಎಂದು ಹೇಳಿದ್ದರೆ ಸತ್ಯವೂ ಆಗುತ್ತಿತ್ತು, ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು. ಒತ್ತಕ್ಷರದವರು ಒಂದು ಹಿಡಿ ಮಣ್ಣೆತ್ತಿದರು. ಮೂಸಿದರು. ಬೆರಳ ನಡುವೆ ಪುಡಿಮಾಡಿ, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚಿದರು.

“ಕಳೆನಾಶಕ,” ಎಂದರು.

“ಅಬ್ಬಾ! ಮಣ್ಣು ಮೂಸಿಯೇ ಗೊತ್ತಾಯ್ತಾ?”

“ಎಲ್ಲಾ ಮಣ್ಣಿನ ಗುಣ,” ಎಂದರು ಒತ್ತಕ್ಷರದವರು. ಆ ಮಾತಿಗೆ ಒಳಗೆ ಏನಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತಿಗೆ ಗಾಂಭೀರ್ಯ ಜಾಸ್ತಿ.

ಕಾಂಪೌಂಡರು ಅಂಗಡಿಯಿಂದ ಕಳೆನಾಶಕದ ಡಬ್ಬಿ ತಂದರು. ಉಗ್ರಾಣದವರು ಬೆನ್ನಿಗೆ ಕಟ್ಟುವ ಪಂಪನ್ನು ಬಾಯಿಬಿಟ್ಟು ಕೇಳುವ ಮೊದಲೇ ಉಗ್ರಾಣದಿಂದ ತಂದುಕೊಟ್ಟರು. ಡಬ್ಬಿಯ ಜೊತೆಗೆ ಒಂದು ಮಡಿಸಿದ ಕಾಗದ. ಯಾವ ಹವೆಯಲ್ಲಿ, ಯಾವ ಮಣ್ಣಿಗೆ, ಹೇಗೆ ಹೊಡೆಯಬೇಕೆಂದು ಅದರಲ್ಲಿ ಸವಿವರವಾಗಿ ಅಚ್ಚಾಗಿತ್ತು. ಒತ್ತಕ್ಷರದವರು ಅದನ್ನು ಆಮೂಲಾಗ್ರ ಓದಿದರು, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು. ‘ಗಳಿ ಬೀಸುವಾಗ ಹೊಡೆಯಬಾರದು’ ಎಂದಿದ್ದಲ್ಲಿ ‘ಗಾಳಿ’ ಎಂದು ತಿದ್ದಿದರು. ‘ಬಸಿಲು ಹೆಚ್ಚಿದ್ದಾಗ ಹುಲ್ಲೂ ಸುಡುತ್ತದೆ’ ಎಂದಿದ್ದಲ್ಲಿ ಒಂದು ಗುಡಿಸು ಕೊಟ್ಟು ಬಿಸಿಲು ಬರಿಸಿದರು. ‘ಮಣಿನಲ್ಲಿ ತೇವವಿಲ್ಲದಿದ್ದರೆ ಕಳೆ ಔಷಧಿ ಹೀರದು’ ಎಂಬಲ್ಲಿ ಬಿಟ್ಟುಹೋಗಿದ್ದ ಒತ್ತನ್ನು ಕಂಡು “ಅಯ್ಯೋ ಪಾಪಿಗಳಾ!” ಎಂದು ಹಣೆ ಚಚ್ಚಿಕೊಂಡರು. ತಿದ್ದಿದ ಕರಡು ಕನ್ನಡಿಯಂತಾಯಿತು. ಅದರೊಳಗೆ ಹೇಳಿದ್ದೇನೆಂಬುದು, ಆಗಲೇ ಅರಿಕೆ ಮಾಡಿದ ಹಾಗೆ, ಅವರ ಇಲಾಖೆಯದಲ್ಲ.

ಮಧ್ಯಾಹ್ನ. ಬಟ್ಟೆ ಒಣಹಾಕಿದ ತಂತಿಗಳೆಲ್ಲ ಬಾವುಟ ಹಾರಿಸುತ್ತಿದ್ದಂಥ ಗಾಳಿ. ಬತ್ತಳಿಕೆ ಕಟ್ಟಿದ ವೀರನಂತೆ ಪಂಪು ಹೊತ್ತು ಒತ್ತಕ್ಷರದವರು ಕಾಂಪೌಂಡರ ಹುಲ್ಲಿಗೆ ಇಳಿದರು. ನಳಿಗೆ ಎತ್ತಿದರು. ಔಷಧಿ ಕಳೆಯತ್ತ ಹೊರಟಿತು. ಅರ್ಧ ದಾರಿಯಲ್ಲಿ ಗಾಳಿ ಅದರ ಮನಸ್ಸು ಕೆಡಿಸಿತು. ಹನಿಗಳೆಲ್ಲ ತಿರುಗಿ ಕಾಂಪೌಂಡರ ಹೆಂಡತಿ ಜೋಡಿಸಿಟ್ಟಿದ್ದ ಹೂಕುಂಡಗಳ ಮೇಲೆ ಪುಷ್ಪವೃಷ್ಟಿಯಂತೆ ಇಳಿದವು.

ಕೆಲವು ದಿನಗಳಲ್ಲಿ ಕಳೆಗಳೆಲ್ಲ ಕುಶಲವಾಗಿದ್ದವು. ಹೂಗಿಡಗಳು ಕತ್ತು ಚೆಲ್ಲಿದ್ದವು.

“ಸಾರ್, ಸಾಯಬೇಕಾದವು ಬದುಕಿವೆ, ಬದುಕಬೇಕಾದವು ಸತ್ತಿವೆ,” ಎಂದರು ಕಾಂಪೌಂಡರು. “ನಮ್ಮ ಔಷಧಾಲಯದಲ್ಲಿ ಹೀಗಾದ್ರೆ ನನ್ನ ಕೆಲಸ ಹೋಗುತ್ತೆ.”

“ಎಲ್ಲಾ ಮಣ್ಣಿನ ಗುಣ. ಕುಂಡದ ಮಣ್ಣು ಸರಿ ಇಲ್ಲ.”

ಮರಳಿ ಯತ್ನವಾಯಿತು. ಈ ಸಲ ಗಾಳಿಯಿಲ್ಲ, ಎಲೆ ಅಲುಗದು. ಆದರೆ ಸಿಮೆಂಟಿನ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುವ ನಡುಹಗಲು. ಮೊದಲ ಸಲದ ಅವಮಾನಕ್ಕೆಂದು ಒಂದು ಮುಚ್ಚಳ ಔಷಧಿ ಹೆಚ್ಚಾಗಿ ಬೆರೆಸಿದರು. ಕಳೆಯೂ ಸುಟ್ಟಿತು, ಹುಲ್ಲೂ ಸುಟ್ಟಿತು. ದೂರದಿಂದ ನೋಡಿದವರಿಗೆ ಕಾಂಪೌಂಡರು ಹೊಸ ಚಾಪೆ ಹಾಸಿದಂತೆ ಕಂಡಿತು.

“ಕಳೆ ಹೋಯ್ತಾ ಇಲ್ವಾ?” ಎಂದರು ಒತ್ತಕ್ಷರದವರು.

ಕಾಂಪೌಂಡರು ಯೋಚಿಸಿ ನೋಡಿದರು. ಹೋಗಿತ್ತು. ಎರಡೂ ಅರ್ಥದಲ್ಲಿ ಹೋಗಿತ್ತು. “ಹೋಯ್ತು ಸಾರ್,” ಎಂದರು.

ಈ ಕೀರ್ತಿ ಕೇಳಿ ಎರಡನೆಯವರಾಗಿ ಬಂದವರು ಬೈಂಡಿಂಗ್ ಮೇಸ್ತ್ರಿ, ಪುಸ್ತಕಗಳಿಗೆ ರಟ್ಟು ಹಾಕಿಸುವವರು. ಅವರ ಮನೆ ಸ್ವಲ್ಪ ಎತ್ತರದಲ್ಲಿ. ಎಷ್ಟೋ ದಿನದಿಂದ ಮಳೆಯಿಲ್ಲದೆ ಅಲ್ಲಿನ ನೆಲ ಬಾಯಾರಿ ಬಿರುಕು ಬಿಟ್ಟಿತ್ತು. ಕಳೆಗಳು ಮೈಮೇಲೆ ಧೂಳು ಹೊದ್ದು, ಎಲೆ ಮುದುರಿ, ಯಾರಿಂದಲೂ ಏನನ್ನೂ ಸ್ವೀಕರಿಸುವುದಿಲ್ಲವೆಂಬ ವ್ರತ ಹಿಡಿದಂತೆ ಕೂತಿದ್ದವು. ಔಷಧಿ ಹೊಡೆದರು. ಧೂಳು ಒದ್ದೆಯಾಯಿತು. ಅಷ್ಟೇ.

“ಏನ್ ಸಾರ್, ಸ್ನಾನ ಮಾಡಿಸಿ ಹೋದ್ರಲ್ಲ!” ಮೇಸ್ತ್ರಿ ಮನೆ ಬಾಗಿಲಿಗೇ ಬಂದರು. “ಮೊದಲು ಕೊಳಕಾಗಿ ಇದ್ವು. ಈಗ ಮುಖ ತೊಳೆದು ಪೌಡರ್ ಹಾಕ್ಕೊಂಡ ಹಾಗಿವೆ.”

“ಮೇಸ್ತ್ರಿ, ತಾಳ್ಮೆ ಬೇಕು.”

“ತಾಳ್ಮೆ ನನಗಿದೆ ಸಾರ್, ಕಳೆಗೂ ಇದೆ. ಅದೇ ಬಂದಿರೋ ತೊಂದರೆ.”

ಒತ್ತಕ್ಷರದವರಿಗೆ ಛಲ ಹುಟ್ಟಿತು. ಉಗ್ರಾಣದವರು ಪಕ್ಕದಲ್ಲೇ ಇದ್ದರು. “ಇನ್ನೊಂದು ಡಬ್ಬಿ ಸುರೀರಿ ಸಾರ್. ನಿಮ್ಮಂಥವರು ಕೈ ಬಿಗಿಹಿಡಿಯಬಾರದು,” ಎಂದರು. ಸುರಿದರು. ಸುರಿದು ಪಂಪು ಇಳಿಸುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ದಿನಗಟ್ಟಲೆ ಬಾರದ ಮಳೆ, ಇದನ್ನೇ ಕಾಯುತ್ತಿದ್ದಂತೆ, ಭೋರೆಂದು ಬಂತು. ಒಂದಿಷ್ಟು ಔಷಧಿ ಮೇಸ್ತ್ರಿಯ ಬಿರುಕುಗಳಲ್ಲಿ ಇಳಿದು ಹುಲ್ಲಿನ ಬೇರನ್ನು ಹುಡುಕಿಕೊಂಡು ಹೋಯಿತು. ಉಳಿದದ್ದು ನೀರಿನೊಡನೆ ಇಳಿಜಾರು ಹಿಡಿದು ಕೆಳಗಿನ ಮನೆಗೆ ಹರಿಯಿತು. ಅದು ಟೆಲಿಫೋನ್ ಅಮ್ಮನವರ ಮನೆ. ಪ್ರೆಸ್ಸಿಗೆ ಬರುವ ಕರೆಗಳನ್ನೆಲ್ಲ ಮೊದಲು ಎತ್ತುವವರು ಅವರು. ಅವರ ಅಂಗಳದ್ದು ಮರಳು ಮಣ್ಣು. ಬಂದದ್ದನ್ನೆಲ್ಲ ಯಾರು, ಎಲ್ಲಿಂದ ಎಂದು ಕೇಳದೆ ಒಳಗೆ ಬಿಟ್ಟುಕೊಂಡಿತು.

“ಸಾರ್, ನಾನು ನಿಮ್ಮನ್ನ ಮುಂದಿನ ವಾರ ಬನ್ನಿ ಅಂದಿದ್ದೆ,” ಎಂದರು ಟೆಲಿಫೋನ್ ಅಮ್ಮ, ಹಳದಿಯಾದ ಹುಲ್ಲಿನ ನಡುವೆ ನಿಂತು.

“ನಾನು ಬಂದೇ ಇಲ್ವಲ್ಲ ಅಮ್ಮ!”

“ನೀವು ಬರಲಿಲ್ಲ. ಔಷಧಿ ನೇರ ಲೈನಲ್ಲಿ ಬಂತು.”

ಹೀಗೆ ಒಂದು ತಿಂಗಳಾಗುವಷ್ಟರಲ್ಲಿ ಸಾಲಿನ ಹುಲ್ಲುಗಳೆಲ್ಲ ಬಣ್ಣಗೆಟ್ಟವು. ಮಳೆ ಮಾತ್ರ ಆಮೇಲೂ ಆಗೀಗ ಬೀಳುತ್ತಿತ್ತು. ಆ ಮಳೆಯ ಫಲ ಪಡೆದದ್ದು ಒಂದೇ ಒಂದು ಅಂಗಳ. ಒತ್ತಕ್ಷರದವರು ತಮ್ಮ ಹುಲ್ಲಿಗೆ ಹನಿ ಔಷಧಿಯನ್ನೂ ಹಾಕಿರಲಿಲ್ಲ. ಕಳೆ ಇಲ್ಲವೆಂದು ಅಧ್ಯಕ್ಷರೇ ಹೇಳಿದ ಮೇಲೆ ಹಾಕುವುದೇಕೆ? ಹಗಲೆಲ್ಲ ಬೇರೆಯವರ ಅಂಗಳದಲ್ಲಿ ಕಳೆಯುತ್ತಿದ್ದ ಅವರಿಗೆ ಇಲ್ಲಿ ಶತಪಥ ಹಾಕಲು ಪುರಸೊತ್ತೂ ಇರಲಿಲ್ಲ. ಅವರ ಪಾದದಿಂದ ಬಿಡುಗಡೆ ಹೊಂದಿದ ಮಣ್ಣು ಉಸಿರಾಡಿತು, ನೀರು ಕುಡಿಯಿತು. ಹುಲ್ಲು ಗಿಳಿಯ ರೆಕ್ಕೆಯಂತೆ ಹಸಿರೇರಿ ನಿಂತಿತು. ಅವರು ಅದನ್ನು ಗಮನಿಸಲಿಲ್ಲ.

ಎರಡನೆಯ ತಪಾಸಣೆಯ ದಿನ ಬಂತು. ಉಗ್ರಾಣದವರು ಬೆಳಗಿನಿಂದಲೇ ಕೆಳಗೆ ಠಳಾಯಿಸುತ್ತಿದ್ದರು. ಜೇಬಿನಲ್ಲಿ ಅಳತೆಯ ಟೇಪು, ಪರದೆಗೆ ಕಿಟಕಿ ಅಳೆಯಲಿಕ್ಕೆ.

ಅಧ್ಯಕ್ಷರು ಕಾಂಪೌಂಡರ ಮನೆಯ ಮುಂದೆ ನಿಂತರು. ಗಂಟಲು ಸದ್ದು ಮಾಡಿತು. “ಏನಿದು?”

“ಚಿಕಿತ್ಸೆ ನಡೀತಿದೆ ಸಾರ್.”

ಮೇಸ್ತ್ರಿಯ ಮನೆಯ ಮುಂದೆ: “ಇದೂ?”

“ಇದೂ ಸಾರ್. ಸ್ವಲ್ಪ ಜಾಸ್ತಿ ಆಯ್ತು.”

“ನಮ್ಮದು ಚಿಕಿತ್ಸೆ ಅಲ್ಲ ಸಾರ್,” ಎಂದು ಟೆಲಿಫೋನ್ ಅಮ್ಮ ತಾವೇ ಹೇಳಿದರು. “ರಾಂಗ್ ನಂಬರ್.”

ಕೊನೆಗೆ ಒತ್ತಕ್ಷರದವರ ಅಂಗಳ. ಅಧ್ಯಕ್ಷರು ನಿಂತರು. ಬೆಂಗಾಡು ದಾಟಿ ಬಂದವನಿಗೆ ಕೊಳ ಕಂಡಂತಾಯಿತು. ಮುಖ ಅರಳಿತು. ಗಂಟಲಿನ ಸದ್ದೂ ಇಲ್ಲದೆ ಮಾತು ಹೊರಟಿತು:

“ಆಹಾ! ಇಲ್ಲಿ ಕಳೆ ಇದೆ.”

ಉಗ್ರಾಣದವರ ಮುಖ ಬಾಡಿತು. ಅಲ್ಲಿಗೇ ಸುಮ್ಮನಿದ್ದರೆ ಮನೆ ಉಳಿಯಿತು, ಅತ್ತೆಯವರ ಕುರ್ಚಿ ಉಳಿಯಿತು. ಆದರೆ ಒತ್ತಕ್ಷರದವರ ಕಿವಿಗೆ ಕಾಯಿಸಿದ ಸೀಸ ಹೊಯ್ದಂತಾಯಿತು.

“ಎಲ್ಲಿ?” ಎಂದರು.

“ಇಲ್ಲೇ. ಎಲ್ಲಾ ಕಡೆ.”

“ಎಲ್ಲಾ ಕಡೆ! ಒಂದು ತೋರಿಸಿ ಸಾರ್, ಒಂದೇ ಒಂದು!” ಒತ್ತಕ್ಷರದವರು ಮಂಡಿಯೂರಿ ಹುಲ್ಲನ್ನು ಬೈತಲೆ ತೆಗೆದಂತೆ ಬಿಡಿಸಿ ತೋರಿಸತೊಡಗಿದರು. “ನೋಡಿ! ಇಲ್ಲಿದೆಯಾ? ಇಲ್ಲಿದೆಯಾ?”

“ಇದೆ ರೀ,” ಎಂದರು ಅಧ್ಯಕ್ಷರು, ಒಂದು ಹೆಜ್ಜೆ ಹಿಂದೆ ಸರಿದು. ಮೆಚ್ಚಿದ ತಪ್ಪಿಗೆ ಯಾರೂ ಈ ತನಕ ಅವರ ಮೇಲೆ ಏರಿ ಬಂದಿರಲಿಲ್ಲ. “ಚೆನ್ನಾಗೇ ಇದೆ.”

“ಚೆನ್ನಾಗಿ ಬೇರೆ ಇದೆಯಾ? ಸಾರ್, ಸೊನ್ನೆಗೂ ಠಕಾರಕ್ಕೂ ವ್ಯತ್ಯಾಸ ಹಿಡಿಯೋ ಕಣ್ಣು ಇದು! ಹೋದ ತಿಂಗಳು ನೀವೇ ಇಲ್ಲ ಅಂದ್ರಿ. ಅದನ್ನ ನಂಬಿ ನಾನು ಊರಿಗೆಲ್ಲ ಔಷಧಿ ಹೊಡ್ದಿದ್ದೀನಿ. ಈಗ ಇದೆ ಅಂದ್ರೆ ನಾನು ಮುಖ ಎಲ್ಲಿಡಲಿ?”

“ಬಿಡಬೇಡಿ ಸಾರ್,” ಎಂದ ಉಗ್ರಾಣದವರಿಗೆ ಮತ್ತೆ ಜೀವ ಬಂದಿತ್ತು. “ಮರ್ಯಾದೆ ಪ್ರಶ್ನೆ.”

“ಇಲ್ಲ ಅನ್ನಿ ಸಾರ್!” ಎಂದು ಒತ್ತಕ್ಷರದವರು ಅಧ್ಯಕ್ಷರಿಗೆ ಗಂಟುಬಿದ್ದರು.

ಅಧ್ಯಕ್ಷರು ಆ ದಿನದ ಮಾತಿನ ಪಾಲನ್ನೆಲ್ಲ ಖರ್ಚು ಮಾಡಿಕೊಂಡಿದ್ದರು. ಕೈ ಚೆಲ್ಲಿದರು. “ಸರಿ. ಕಳೆ ಇಲ್ಲ.”

“ಹಾಗನ್ನಿ!” ಎಂದು ಒತ್ತಕ್ಷರದವರು ಮಂಡಿ ಒರೆಸಿಕೊಂಡು ಎದ್ದರು.

“ಎರಡನೇ ಸಲ!” ಉಗ್ರಾಣದವರು ಟೇಪು ಸರ್ರನೆ ಎಳೆದು ಕಿಟಕಿಗೆ ಹಿಡಿದೇಬಿಟ್ಟರು. “ಎಲ್ಲರೂ ಕೇಳಿದ್ರಲ್ಲ? ಸತತ ಎರಡು ಸಲ ಕಳೆ ಇಲ್ಲ ಅಂದಿದ್ದಾರೆ. ಲಕ್ಷಣ ಇಲ್ಲ, ಕಾಂತಿ ಇಲ್ಲ. ಮನೆ ನಂದು!”

ಕಿಟಕಿಯ ಒಳಗಿದ್ದ ಹೆಂಡತಿಯ ಮೂಗಿಗೆ ಟೇಪಿನ ತುದಿ ತಾಕಿತು. ಅವರಿಗೆ ಎಲ್ಲವೂ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. “ಅಯ್ಯೋ ರೀ! ಅವರು ಹೇಳಿದ್ದು ಗಿಡದ ಕಳೆ ಅಲ್ರೀ, ಮುಖದ ಕಳೆ! ಹೋದ ಸಲ ಬೈದಿದ್ರು, ನೀವು ಹಿಗ್ಗಿದ್ರಿ. ಈ ಸಲ ಹೊಗಳಿದ್ರು, ನೀವು ಜಗಳ ಆಡಿ ಬೈಸ್ಕೊಂಡ್ರಿ!”

ಒತ್ತಕ್ಷರದವರು ಬಾಯಿ ತೆರೆದರು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಪದದ ಹಿಂದೆ ಅರ್ಥವೆಂಬುದು ನಿಂತಿರುವುದು ಅವರಿಗೆ ಕಂಡಿತು. ಅದು ಎರಡಾಗಿ ಕಂಡಿತು.

ಕುರ್ಚಿಯಲ್ಲಿ ಅತ್ತೆಯವರು ಪದ್ಯ ನಿಲ್ಲಿಸಿದ್ದರು. ಮಂಡಿ ನೀವಿಕೊಳ್ಳುತ್ತ, ಯಾರನ್ನೂ ದೂರದೆ, ಮೆಲ್ಲಗೆ ಕೇಳಿದರು: “ಮೆಟ್ಟಿಲಿಗೆ ಹಿಡಿಕೆ ಇದೆಯೇನಪ್ಪಾ?”



“ಸಾರ್, ನೀವೇ ಹೇಳಿಬಿಡಿ,” ಎಂದು ಹೆಂಡತಿ ಹೊರಗೆ ಬಂದು ಅಧ್ಯಕ್ಷರ ಮುಂದೆ ಕೈಜೋಡಿಸಿದರು. “ನೀವಂದ ಕಳೆ ಯಾವ ಕಳೆ?”

ಅಧ್ಯಕ್ಷರ ಗಂಟಲು ಬಹಳ ಹೊತ್ತು ಸದ್ದು ಮಾಡಿತು. “ಆಡಿದ್ದು ಆಡಿದೆ. ಬಿಡಿಸಿ ಹೇಳೋ ಅಭ್ಯಾಸ ನನಗಿಲ್ಲ. ಈ ಸಾಲಿನವರು ಏನಂತ ಕೇಳಿಸ್ಕೊಂಡ್ರೋ ಅದೇ ತೀರ್ಮಾನ.” ಇಷ್ಟು ಉದ್ದ ಅವರು ಮಾತಾಡಿ ವರ್ಷಗಳಾಗಿದ್ದವು. ಆಯಾಸವಾಗಿ ಜಗುಲಿಯ ಮೇಲೆ ಕೂತುಬಿಟ್ಟರು.

ತೀರ್ಪು ಹೀಗೆ ಹುಲ್ಲು ಕಳಕೊಂಡವರ ಕೈಗೆ ಬಂತು. ಒತ್ತಕ್ಷರದವರು ಒಬ್ಬೊಬ್ಬರ ಮುಖ ನೋಡಿದರು. ಕಾಂಪೌಂಡರ ಹಿಂದೆ ಸತ್ತ ಹೂಗಿಡಗಳು ಕಾಣುತ್ತಿದ್ದವು. ಮೇಸ್ತ್ರಿಯ ಹಿಂದೆ ಬರಡು ನೆಲ. ಇವರ ಬಾಯಿಂದ ಒಳ್ಳೆಯ ಮಾತು ನಿರೀಕ್ಷಿಸುವುದು ಹೇಗೆ? ಉಗ್ರಾಣದವರೂ ಅದನ್ನೇ ಲೆಕ್ಕ ಹಾಕಿ ನಕ್ಕರು. “ಹೇಳಿ, ಹೇಳಿ. ಕಳೆ ಇಲ್ಲ ಅಂದ್ರೆ ಲಕ್ಷಣ ಇಲ್ಲ ಅಂತ ತಾನೇ? ಆವತ್ತೇ ನನಗೆ ಗೊತ್ತಾಗಿತ್ತು.”

ಆ ಕೊನೆಯ ಮಾತು ಅವರು ಆಡಬಾರದಿತ್ತು.

ಕಾಂಪೌಂಡರು ನಿಧಾನವಾಗಿ ತಿರುಗಿದರು. “ಆವತ್ತೇ ಗೊತ್ತಾಗಿತ್ತಾ? ಹಾಗಾದ್ರೆ ಒಂದು ತಿಂಗಳು ನಾವೆಲ್ಲ ಬೈಸಿಕೊಂಡ ಮನುಷ್ಯನ ಹಿಂದೆ ಡಬ್ಬಿ ಹಿಡ್ಕೊಂಡು ತಿರುಗಿದ ಮುಠ್ಠಾಳರು ಅಂತಲೋ?”

“ಹಾಗಲ್ಲ...”

“ಹಾಗೇ!” ಎಂದರು ಮೇಸ್ತ್ರಿ. “ಹುಲ್ಲಿನ ಮುಂದೆ ನಿಂತು ಕಳೆ ಅಂದ್ರೆ ಕಳೆಗಿಡ. ನಾನು ಹಾಗೇ ಕೇಳಿಸ್ಕೊಂಡಿದ್ದು. ಬೇರೆ ಅರ್ಥ ನಾನು ಕೇಳೇ ಇಲ್ಲ.”

“ಅಲ್ರೀ, ಮುಖದಲ್ಲಿ ಕಳೆ ಇಲ್ಲ ಅಂದ್ರೆ ಮುಖದಲ್ಲಿ ಗಿಡ ಇಲ್ಲ ಅಂತನಾ?” ಉಗ್ರಾಣದವರ ದನಿ ಕೀರಲಾಯಿತು.

“ನಿಮ್ಮ ಮುಖದ ವಿಷಯ ಬಿಡಿ. ಅಲ್ಲಿ ಎರಡೂ ಇಲ್ಲ,” ಎಂದರು ಮೇಸ್ತ್ರಿ.

ಉಳಿದವರು ಟೆಲಿಫೋನ್ ಅಮ್ಮ. ಅವರು ಔಷಧಿ ಹೊಡೆಸಿಕೊಂಡವರಲ್ಲ, ಮಾನ ಉಳಿಸಿಕೊಳ್ಳುವ ದರ್ದು ಅವರಿಗಿರಲಿಲ್ಲ. ತಮ್ಮ ಹಳದಿ ಹುಲ್ಲನ್ನು ನೋಡಿದರು, ಒತ್ತಕ್ಷರದವರನ್ನು ನೋಡಿದರು, ಅತ್ತೆಯವರ ಮಂಡಿಯ ಮೇಲಿದ್ದ ಕೈಯನ್ನು ನೋಡಿದರು.

“ದಿನಕ್ಕೆ ನೂರಾರು ಕರೆ ಕೇಳೋ ಕಿವಿ ನಂದು,” ಎಂದರು. “ಸ್ಪಷ್ಟವಾಗಿ ಕೇಳಿಸ್ತು. ಗಿಡ.”

ಅಧ್ಯಕ್ಷರು ಜಗುಲಿಯಿಂದ ಎದ್ದರು. “ಕಳೆ ಇಲ್ಲ. ಒಳ್ಳೇದು,” ಎಂದರು. ಉಗ್ರಾಣದವರ ಟೇಪು ತಾನಾಗಿ ಸುರುಳಿ ಸುತ್ತಿಕೊಂಡಿತು. ಅವರು ಮೆಟ್ಟಿಲು ಹತ್ತುವ ಸದ್ದು ಮೂರು ಮಹಡಿಯುದ್ದಕ್ಕೂ ಕೇಳಿಸಿತು. ಅತ್ತೆಯವರು ನಿಲ್ಲಿಸಿದಲ್ಲಿಂದ ಪದ್ಯ ಮುಂದುವರಿಸಿದರು.

ಹೊರಟ ಅಧ್ಯಕ್ಷರು ಗೇಟಿನ ಬಳಿ ತಿರುಗಿ ನಿಂತು ಒತ್ತಕ್ಷರದವರಿಗೆ ಬೆರಳು ಮಾಡಿದರು. “ನಮ್ಮ ಹುಲ್ಲಿಗೂ ಸ್ವಲ್ಪ ಕಳೆ ಬರಬೇಕು. ನಾಳೆ ಬನ್ನಿ.”

ಇದು ಯಾವ ಕಳೆ ಎಂದು ಕೇಳುವ ಧೈರ್ಯ ಆ ಸಾಲಿನಲ್ಲಿ ಯಾರಿಗೂ ಬರಲಿಲ್ಲ.

ಮರುದಿನ ಬೆಳಗ್ಗೆ ಒತ್ತಕ್ಷರದವರು ಅಂಗಿ ತೊಟ್ಟು, ತಲೆ ಬಾಚಿ, ಬಾಗಿಲ ಮೂಲೆಯಲ್ಲಿ ತಡಕಾಡಿದರು.

“ಲೇ, ಪಂಪೆಲ್ಲಿ?”

“ಉಗ್ರಾಣಕ್ಕೆ ವಾಪಸ್ ಕಳಿಸಿದೆ,” ಎಂದರು ಹೆಂಡತಿ.

“ಮತ್ತೆ ನಾನು ಬರಿಗೈಯಲ್ಲಿ ಹೋಗೋದಾ?”

“ಹೂಂ, ಬರಿಗೈಯಲ್ಲೇ ಹೋಗಿ. ಹಾಗೇ ಬಾಯಿನೂ ಮನೇಲೇ ಬಿಟ್ಟು ಹೋಗಿ.”